ಯಾರ ಕೈಯ ಹೊಲಿಗೆ

ಬೆಳಗಿನ ಹಾಲು ಅಳೆದು, ಕ್ಯಾನುಗಳನ್ನು ಲಾರಿಗೆ ಹತ್ತಿಸಿ, ಮನೆಗೆ ಬಂದು ಬಟ್ಟೆ ಒಗೆಯಲು ಕೂತಾಗ ಡೇರಿಯಕ್ಕನ ಕೈಗೆ ಮಗಳ ಶಾಲೆಯ ನೀಲಿ ಲಂಗ ಬಂತು. ಸೋಪು ಹಚ್ಚುತ್ತ ಹಚ್ಚುತ್ತ ಅವಳ ಕೈ ತಾನಾಗಿ ನಿಂತಿತು. ಲಂಗದ ಕೆಳಗೆ ಎರಡು ಬೆರಳಗಲದ ಒಂದು ಪಟ್ಟಿ ಮಾತ್ರ ಕಡುನೀಲಿಯಾಗಿತ್ತು. ಉಳಿದದ್ದೆಲ್ಲ ಬಿಸಿಲಿಗೆ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮಡಿಕೆಯೊಳಗೆ ಬಿಸಿಲು ಕಾಣದೆ ಕೂತಿದ್ದ ಬಟ್ಟೆ ಅದು. ಯಾರೋ ಮಡಿಕೆ ಬಿಚ್ಚಿ ಲಂಗ ಇಳಿಸಿದ್ದರು. ಒಳಮಗ್ಗುಲು ತಿರುಗಿಸಿ ನೋಡಿದಳು. ದಪ್ಪನೆಯ ಬಿಳಿ ದಾರದಲ್ಲಿ ಸಾಲಾಗಿ ಹೊಲಿಗೆ ಹಾಕಿದ್ದರು. ಅವಳಂತೂ ಹಾಕಿರಲಿಲ್ಲ.

ಮಗಳಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಪೋಣಿಸಿಕೊಟ್ಟರೂ ಎರಡು ಹೊಲಿಗೆಯಲ್ಲಿ ಬೆರಳು ಚುಚ್ಚಿಕೊಂಡು ಎದ್ದುಹೋಗುತ್ತಿದ್ದಳು. ಗಂಡನ ವಿಷಯ ಯೋಚಿಸುವಂತೆಯೇ ಇರಲಿಲ್ಲ. ಹಿಟ್ಟಿನ ಗಿರಣಿಯಿಂದ ತಲೆ ಮೈಯೆಲ್ಲ ಬಿಳಿಯಾಗಿ ಬರುವ ಆ ಮನುಷ್ಯ, ಅಂಗಿಯ ಗುಂಡಿ ಕಿತ್ತುಬಂದರೆ ಅದನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟು ಮಾತಿಲ್ಲದೆ ಉಣ್ಣುವವನು. ಗುಂಡಿ ನೋಡಿದ ಹೆಂಡತಿ ಅರ್ಥ ಮಾಡಿಕೊಳ್ಳಬೇಕು.

ಹಾಗಾದರೆ ಯಾರು? ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಮಗಳು ಲಂಗ ಗಿಡ್ಡವಾಯಿತು ಅಂತ ತನಗೆ ಯಾಕೆ ಹೇಳಲಿಲ್ಲ? ಮೊದಲೆಲ್ಲ ಪೆನ್ಸಿಲ್ ಮೊನೆ ಮುರಿದರೂ ಡೇರಿಯ ತನಕ ಓಡಿಬಂದು ಹೇಳುತ್ತಿದ್ದವಳು. ಇತ್ತೀಚೆಗೆ ಏನು ಕೇಳಿದರೂ "ಹೂಂ", "ಊಹೂಂ". ಈಗ ನೋಡಿದರೆ ಬಟ್ಟೆ ಬಿಚ್ಚಿ ಹೊಲಿಸಿಕೊಳ್ಳುವಷ್ಟು ಸಲಿಗೆ ಇನ್ಯಾರ ಹತ್ತಿರವೋ ಬೆಳೆದಿದೆ.

ಲಂಗ ಹಿಂಡಿ ಹಗ್ಗಕ್ಕೆ ಹಾಕಿದಳು. ಮಧ್ಯಾಹ್ನ ಅದು ಒಣಗಿದ್ದೇ ತಡ, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಟೈಲರಮ್ಮನ ಜಗಲಿಗೆ ನಡೆದಳು.

ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ, ಸಂಜೆಯ ಹಾಲಿನ ಹೊತ್ತು ಆಗುವ ತನಕ ಆ ಬೀದಿಯ ತಾಯಂದಿರ ಜಾಗ ಅದು. ಟೈಲರಮ್ಮ ಹೊಲಿಗೆ ಮಿಷನ್ನನ್ನು ಬಾಗಿಲಿಗೆ ಎಳೆದುಕೊಂಡು ಬೆಳಕಿಗೆ ಮುಖಮಾಡಿ ಕೂರುವಳು. ಉಳಿದವರು ಚೂರುಬಟ್ಟೆಗಳ ಗುಡ್ಡೆಗೆ ಒರಗಿಕೊಳ್ಳುವರು. ಡೇರಿಯಕ್ಕ ಬಂದರೆ ಎಲ್ಲರೂ ಸ್ವಲ್ಪ ಸರಿದು ಒಳ್ಳೆಯ ಜಾಗ ಬಿಡುತ್ತಿದ್ದರು. ದಿನಕ್ಕೆರಡು ಸಲ ಊರೆಲ್ಲ ಅವಳ ಮುಂದೆ ಪಾತ್ರೆ ಹಿಡಿದು ನಿಲ್ಲುತ್ತಿತ್ತಲ್ಲ, ಹಾಲಿನ ಜೊತೆ ಸುದ್ದಿಯನ್ನೂ ಸುರಿದೇ ಹೋಗುತ್ತಿತ್ತು. ಅದನ್ನು ಕೆನೆ ಕಟ್ಟುವ ಹಾಗೆ ಹೇಳುವುದು ಅವಳಿಗೆ ಒಲಿದಿತ್ತು. ಹೊರಗೆ ಸುದ್ದಿ ಸಿಗದ ದಿನ ಮನೆಯ ಸುದ್ದಿಯಾದರೂ ಇದ್ದೇ ಇರುತ್ತಿತ್ತು.

ಅವತ್ತು ಅಂಗಡಿಮನೆಯ ಸೊಸೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಫೋನಿನಲ್ಲಿ ಒಂದು ಉಡುಪಿನ ಚಿತ್ರ ತೋರಿಸುತ್ತಿದ್ದಳು.

"ನೋಡಿ ಟೈಲರಮ್ಮ, ತೋಳು ಈ ಥರ ಉಬ್ಬಿರಬೇಕು. ಈಗ ಇದೇ ನಡೀತಿರೋದು."

"ಇದು ನಮ್ಮಮ್ಮನ ಕಾಲದಲ್ಲೇ ನಡೆದುಹೋಯ್ತು ಕಣೇ," ಎಂದಳು ಟೈಲರಮ್ಮ ಸೂಜಿಯಿಂದ ಕಣ್ಣು ತೆಗೆಯದೆ. "ಇನ್ನೊಂದು ಸುತ್ತು ಬಂದಿದೆ ಅಷ್ಟೆ. ಆ ತೋಳಿಗೆ ಹೋಗೋ ಬಟ್ಟೇಲಿ ನಿನ್ನ ಮಗೂಗೆ ಒಂದು ಅಂಗಿ ಆಗತ್ತೆ."

"ಪೇಟೇಲಿ ಗೊಂಬೆಗೆ ಹಾಕಿದ್ರು," ಎಂದಳು ಕಂಡಕ್ಟರನ ಹೆಂಡತಿ. ಗಂಡನ ಬಸ್ಸಿನಲ್ಲೇ ಹೋಗಿಬರುವುದರಿಂದ ಪೇಟೆಯ ಅಂಗಡಿಗಳೆಲ್ಲ ಅವಳ ಅಂಗೈಯಲ್ಲಿದ್ದವು. "ಗೊಂಬೆಗೇನಮ್ಮ, ಪಾತ್ರೆ ತಿಕ್ಕಬೇಕಾ, ಮಗು ಎತ್ತಬೇಕಾ? ಹಾಕ್ಕೊಂಡು ನಿಂತಿತ್ತು. ನಾನೂ ಒಂದು ಹಾಕಿ ನೋಡಿದೆ. ಕನ್ನಡೀಲಿ ನೋಡಿದ್ರೆ ಎರಡೂ ಭುಜದ ಮೇಲೆ ಒಂದೊಂದು ಕುಂಬಳಕಾಯಿ."

ನಗು ಇಳಿಯುವುದನ್ನು ಕಾದು ಡೇರಿಯಕ್ಕ ಲಂಗವನ್ನು ಎಲ್ಲರ ನಡುವೆ ಹರಡಿದಳು.

"ಇದನ್ನ ನೋಡಿ ಸ್ವಲ್ಪ. ನನ್ನ ಮಗಳ ಲಂಗ. ಯಾರೋ ಇಳಿಸಿದಾರೆ, ನಂಗೆ ಗೊತ್ತಿಲ್ಲದ ಹಾಗೆ."

"ಇಳಿಸದೆ ಇನ್ನೇನು? ಆ ಕೊಕ್ಕರೆ ಕಾಲಿಗೆ ಯಾವ ಲಂಗ ಸಾಲತ್ತೆ?" ಎಂದಳು ಕಂಡಕ್ಟರನ ಹೆಂಡತಿ.

ಕೊಕ್ಕರೆ ಎಂಬ ಮಾತು ಡೇರಿಯಕ್ಕನದೇ. ಹಿಂದಿನ ತಿಂಗಳು ಇದೇ ಜಗಲಿಯಲ್ಲಿ ಮಗಳು ಬೆಳೆಯುವ ಪರಿಯನ್ನು ಎದ್ದುನಿಂತು ಅಭಿನಯ ಮಾಡಿ ತೋರಿಸಿದ್ದಳು. ಈಗಲೂ ಅದಕ್ಕೆ ಎಲ್ಲರೂ ನಕ್ಕರು. ಅವಳೂ ನಕ್ಕಳು.

ಲಂಗ ಕೈಯಿಂದ ಕೈಗೆ ಹೋಯಿತು. ಆ ಬೀದಿಯ ಹೆಂಗಸರಿಗೆಲ್ಲ ಹೊಲಿಗೆ ಕಲಿಸಿದ್ದು ಟೈಲರಮ್ಮನೇ. ಕೈಹೊಲಿಗೆ ನೋಡಿ ಇಂಥವರದು ಎನ್ನುವಷ್ಟು ಅವಳಿಗೆ ಪರಿಚಯ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನನ್ನ ಶಿಷ್ಯರ ಕೈ ಅಲ್ಲ. ಅಂಚಿನ ಹೆಮ್ಮಿಂಗು ಹೀಗೆ ಯಾರು ಮಾಡ್ತಾರೆ? ಕೊಂಡಿಯೊಳಗೆ ಕೊಂಡಿ ಸಿಕ್ಕಿಸ್ಕೊಂಡು ಹೋಗಿದಾರೆ. ಸರಪಳಿ ಹೊಲಿಗೆ ಇದು, ಕಸೂತಿಗೆ ಹಾಕೋದು. ದಾರಾನೂ ದಪ್ಪ."

ಕಸೂತಿ ಎಂದದ್ದೇ ಸಾಕಾಯಿತು. ಅಂಗಡಿಸೊಸೆ ಮೆಲ್ಲಗೆ ಎಂದಳು: "ನಿಮ್ಮ ಓರಗಿತ್ತಿ ದಿಂಬಿನ ಮೇಲೆಲ್ಲ ಹೂವು ಹಾಕ್ತಾರಲ್ವಾ ಅಕ್ಕಾ?"

ಡೇರಿಯಕ್ಕನ ಮನೆಗೂ ಅವಳ ಓರಗಿತ್ತಿಯ ಮನೆಗೂ ನಡುವೆ ಒಂದೇ ಗೋಡೆ. ಆಸ್ತಿ ಪಾಲಾದ ಮೇಲೆ ಆ ಗೋಡೆಯ ಆಚೆಯಿಂದ ಒಂದು ಮಾತು ಬಂದರೆ ಈಚೆಯಿಂದ ಅರ್ಧ ಮಾತು ಹೋಗುತ್ತಿತ್ತು, ಅಷ್ಟೆ.

"ಅವಳಾ?" ಎಂದಳು ಡೇರಿಯಕ್ಕ.

"ದೊಡ್ಡಮ್ಮ ಅಂತ ಮಗು ಹೋಗಿರತ್ತೆ ಬಿಡು," ಎಂದು ಕಂಡಕ್ಟರನ ಹೆಂಡತಿ ಸಮಾಧಾನ ಹೇಳುತ್ತಲೇ, ಅಂಚಿನ ಕೊನೆಯಲ್ಲಿ ಇಣುಕುತ್ತಿದ್ದ ದಾರದ ಬಾಲವನ್ನು ಕಿತ್ತು ಓರಣ ಮಾಡೋಣವೆಂದು ಎಳೆದಳು. ದಾರ ತುಂಡಾಗಲಿಲ್ಲ. ಸರ್ರನೆ ಬಂತು. ಅವಳು ಕೈ ಬಿಡುವಷ್ಟರಲ್ಲಿ ಲಂಗದ ಸುತ್ತಲಿನ ಹೊಲಿಗೆಯೆಲ್ಲ ಒಂದೇ ಉಸಿರಿಗೆ ಬಿಚ್ಚಿಕೊಂಡು, ಮಡಿಕೆ ಕೆಳಗೆ ಬಿತ್ತು. ಅವಳ ಬೆರಳಲ್ಲಿ ಉದ್ದನೆಯ ಬಿಳಿ ದಾರ ಜೋತಾಡುತ್ತಿತ್ತು.

"ಅಯ್ಯೋ, ಇದೇನು ಹೊಲಿಗೆಯೋ ಮಾಟವೋ," ಎಂದಳು.

"ಕೊಡು ಇಲ್ಲಿ, ಒಂದು ನಿಮಿಷದಲ್ಲಿ ಮಿಷನ್ ಹೊಡೆದುಕೊಡ್ತೀನಿ," ಎಂದು ಟೈಲರಮ್ಮ ಕೈಚಾಚಿದಳು.

"ಬೇಡ," ಎಂದಳು ಡೇರಿಯಕ್ಕ. ಮಿಷನ್ ಹೊಲಿಗೆ ಕಂಡರೆ ಅಮ್ಮನ ಕೈಗೆ ಸಿಕ್ಕಿದೆ ಅಂತ ಹುಡುಗಿಗೆ ತಿಳಿದುಹೋಗುತ್ತದೆ. ಆಮೇಲೆ ಬಾಯಿ ಬಿಟ್ಟ ಹಾಗೇ. "ಮೊದಲು ಯಾರು ಅಂತ ಗೊತ್ತಾಗಲಿ. ಓರಗಿತ್ತೀನೇ ಕೇಳ್ತೀನಿ."

"ನಾಳೆ ಬಂದು ಹೇಳಬೇಕು ಮತ್ತೆ," ಎಂದು ಹಿಂದಿನಿಂದ ಮೂವರೂ ಒಟ್ಟಿಗೆ ಅಂದರು.

ದಾರಿಯುದ್ದಕ್ಕೂ ಅವಳು ಓರಗಿತ್ತಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಅಕ್ಕಾ ಎಂದು ಶುರುಮಾಡಬೇಕೋ ಬೇಡವೋ ಎಂಬಲ್ಲೇ ಪ್ರತಿಸಲವೂ ಸಿಕ್ಕಿಕೊಳ್ಳುತ್ತಿತ್ತು. ಗಿರಣಿ ದಾರಿಯಲ್ಲೇ. ದಿನವೂ ಗಂಡನ ಖಾಲಿ ಊಟದ ಡಬ್ಬಿ ಗೇಟಿನ ಪಕ್ಕದ ಕಟ್ಟೆಯ ಮೇಲಿರುತ್ತಿತ್ತು. ಅವಳು ಒಳಗೆ ಕಾಲಿಡದೆ ಎತ್ತಿಕೊಂಡು ಹೋಗುವಳು. ಇವತ್ತು ಕಟ್ಟೆಯ ಮೇಲೆ ಡಬ್ಬಿ ಇರಲಿಲ್ಲ. ಒಳಗೆ ಹೋದಳು.

ಬೀಸುವ ಕಲ್ಲುಗಳು ನಿಂತಿದ್ದವು. ಹಿಟ್ಟಿನ ಧೂಳು ಕಿಟಕಿಯ ಬಿಸಿಲಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ತುಂಬಿದ ಚೀಲಗಳ ಮುಂದೆ ಅವಳ ಗಂಡ ಮಂಡಿಯೂರಿ ಕೂತಿದ್ದ. ಚೀಲದ ಬಾಯಿಯನ್ನು ಎರಡು ಮಡಿಕೆ ಮಾಡಿ, ಬಾಗಿದ ಡಬ್ಬಣ ಚುಚ್ಚಿ, ದಾರದ ಕೊಂಡಿ ಎಳೆದು, ಆ ಕೊಂಡಿಯೊಳಗಿನಿಂದ ಇನ್ನೊಂದು ಕೊಂಡಿ ಎಳೆದು, ಹೀಗೇ ಸಾಗಿದ್ದ. ಆ ದಪ್ಪ ಬೆರಳುಗಳು ಅಷ್ಟು ಹಗುರಾಗಿ ಆಡುವುದನ್ನು ಅವಳು ಕಂಡಿರಲಿಲ್ಲ. ಪಕ್ಕದಲ್ಲಿ ಗಿರಾಕಿಯೊಬ್ಬ ಹಿಟ್ಟು ಹೇಗಿದೆ ತೋರಿಸು ಎಂದ. ಗಂಡ ಹೊಲಿದಿಟ್ಟ ಚೀಲವೊಂದರ ಮೂಲೆಯ ದಾರ ಹಿಡಿದು ಎಳೆದ. ಸರ್ರನೆ ಚೀಲದ ಬಾಯಿ ತೆರೆದುಕೊಂಡಿತು.

ಡೇರಿಯಕ್ಕ ಅಲ್ಲೇ ಒಂದು ಚೀಲದ ಮೇಲೆ ಕೂತುಬಿಟ್ಟಳು.

ಗಿರಾಕಿ ಹೋದ ಮೇಲೆ ಗಂಡ ತಿರುಗಿ ನೋಡಿದ. ಅವಳ ಮುಖ ನೋಡಿದ, ಕಂಕುಳಲ್ಲಿದ್ದ ಲಂಗ ನೋಡಿದ. ಮತ್ತೆ ಡಬ್ಬಣಕ್ಕೆ ಕೈಹಾಕಿದ.

"ನೀವಾ?" ಎಂದಳು.

"ಹೂಂ."

"ಗುಂಡಿ ಹಾಕಕ್ಕೆ ಬರಲ್ಲ ನಿಮಗೆ."

"ಗುಂಡಿ ಬರಲ್ಲ. ಚೀಲ ಬರತ್ತೆ." ಲಂಗದ ಜೋತುಬಿದ್ದ ಅಂಚು ನೋಡಿ ಕೇಳಿದ, "ಬಿಚ್ಚಿದ್ಯಾಕೆ?"

"ನಾನಲ್ಲ. ಜಗಲೀಲಿ... ಕಂಡಕ್ಟರ್ ಹೆಂಡತಿ ಎಳೆದಳು."

ಅವನ ಕೈ ನಿಂತಿತು. "ಜಗಲಿಗೆ ತಗೊಂಡು ಹೋಗಿದ್ಯಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು, ಎದುರು ಮಾತಾಡಬಹುದಿತ್ತು. ಅವನು ಅಂಗೈಯ ಹಿಟ್ಟನ್ನು ತೊಡೆಗೆ ಒರೆಸಿಕೊಂಡ.

"ಶಾಲೇಲಿ ಅವಳನ್ನ ಕೊಕ್ಕರೆ ಅಂತಾರಂತೆ. ಎದ್ದು ನಿಂತು ಪಾಠ ಓದು ಅಂದ್ರೆ ಹಿಂದಿನ ಬೆಂಚಿಂದ ಕೂಗ್ತಾರಂತೆ. ಕಂಡಕ್ಟರನ ಮಗ ಶುರು ಮಾಡಿದ್ದು. ಅವನಿಗೆ ಯಾರು ಹೇಳಿದ್ರು ಅಂತ ನಂಗೊತ್ತಿಲ್ಲ. ಅವಳಿಗೆ ಗೊತ್ತು." ದಾರ ಹಲ್ಲಿನಲ್ಲಿ ಕಡಿದ. "ಇಲ್ಲಿಗೇ ಬಂದಿದ್ಲು, ಶಾಲೆ ಬಿಟ್ಟವಳೇ. ಅಪ್ಪ, ಇದನ್ನ ಇಳಿಸಿಕೊಡು, ಅಮ್ಮನಿಗೆ ಮಾತ್ರ ಹೇಳಬೇಡ ಅಂದ್ಲು. ಅಮ್ಮನಿಗೆ ಹೇಳೋದೂ ಒಂದೇ ಜಗಲಿಗೆ ಹೇಳೋದೂ ಒಂದೇ ಅಂದ್ಲು. ಚೀಲಗಳ ಹಿಂದೆ ನನ್ನ ಪಂಚೆ ಸುತ್ತಿಕೊಂಡು ಕೂತಿದ್ಲು, ಹೊಲಿದು ಮುಗಿಯೋ ತನಕ."

ಡೇರಿಯಕ್ಕ ಕಂಕುಳಲ್ಲಿದ್ದ ಲಂಗವನ್ನು ತೊಡೆಯ ಮೇಲೆ ಇಳಿಸಿಕೊಂಡಳು. ತಾನು ಜಗಲಿಯಲ್ಲಿ ಒಂಟಿ ಕಾಲಲ್ಲಿ ನಿಂತು, ಕತ್ತು ಉದ್ದ ಮಾಡಿ ತೋರಿಸಿದ್ದು ಕಣ್ಣಿಗೆ ಕಟ್ಟಿತು. ಅವತ್ತು ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಎಷ್ಟು ಚೆನ್ನಾಗಿ ಮಾಡಿದೆ ಎಂದು ಮನೆಗೆ ಬರುವಾಗ ತನಗೂ ಖುಷಿಯಾಗಿತ್ತು. ಅರ್ಧ ಗಂಟೆಯ ಹಿಂದೆಯೂ ಅದೇ ಮಾತಿಗೆ ನಕ್ಕಿದ್ದಳು.

"ಇದನ್ನ ಹೊಲಿದುಕೊಡಿ," ಎಂದಳು ಕೊನೆಗೆ. "ಮೊದಲು ಹೇಗಿತ್ತೋ ಹಾಗೇ. ಅವಳು ಬರೋದರೊಳಗೆ."

ಅವನು ಲಂಗವನ್ನು ಮೊಣಕಾಲ ಮೇಲೆ ಹರಡಿಕೊಂಡ. ಅವಳು ಮಡಿಕೆ ಹಿಡಿದುಕೊಟ್ಟಳು. ಹಿಟ್ಟು ತಾಗದ ಹಾಗೆ ಆಗಾಗ ಊದುತ್ತಿದ್ದಳು. ಮದುವೆಯಾದಾಗಿನಿಂದ ಅವರಿಬ್ಬರೂ ಕೂತು ಒಂದು ಬಟ್ಟೆಗೆ ಕೈಹಾಕಿದ್ದು ಅದೇ ಮೊದಲು. ಹೊರಗಡೆ ಲಂಗದ ಮೇಲೆ ಬಿಳಿ ದಾರದ ಚುಕ್ಕೆಗಳು ಸಾಲಾಗಿ ಎದ್ದು ಕಾಣುತ್ತಿದ್ದವು.

"ಬಿಳಿ ಕಾಣತ್ತೆ," ಎಂದಳು.

"ಗಿರಣೀಲಿ ಇರೋದು ಬಿಳೀನೇ."

ಲಂಗ ಮನೆಗೆ ಬಂದು ಮತ್ತೆ ಹಗ್ಗ ಸೇರಿತು. ಸಂಜೆ ಮಗಳು ಹಗ್ಗದಿಂದ ಅದನ್ನು ತೆಗೆದು, ಅಂಚು ತಿರುಗಿಸಿ ನೋಡಿ, ಮಡಚಿ ಒಳಗಿಟ್ಟಳು. ಡೇರಿಯಕ್ಕ ಅಡುಗೆಮನೆಯಿಂದ ನೋಡಿದಳು. "ಶಾಲೆ ಹೇಗಿತ್ತು?" ಎಂದು ಮಾತ್ರ ಕೇಳಿದಳು. "ಹೂಂ," ಎಂದಳು ಮಗಳು.

ಮಾರನೆಯ ದಿನ ಅಂಗಡಿಯಲ್ಲಿ ನೀಲಿ ದಾರದ ರೀಲು ಕೇಳುವಾಗಲೇ ಡೇರಿಯಕ್ಕನಿಗೆ ಗೊತ್ತಿತ್ತು, ಈ ಊರಲ್ಲಿ ಗುಟ್ಟಾಗಿ ಒಂದು ಸೂಜಿಯನ್ನೂ ಕೊಳ್ಳುವಂತಿಲ್ಲ ಎಂದು. ಅಂಗಡಿಸೊಸೆ ರೀಲನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡಳು.

"ನೀಲಿ ಯಾಕಕ್ಕಾ? ಲಂಗಕ್ಕಾ? ಯಾರು ಅಂತ ಗೊತ್ತಾಯ್ತಾ?"

"ನನ್ನ ಒಳಲಂಗಕ್ಕೆ," ಎಂದಳು ಡೇರಿಯಕ್ಕ. ಬಾಯಿಗೆ ಬಂದದ್ದು ಅದು.

"ನಿಮ್ಮ ಹತ್ರ ನೀಲಿ ಒಳಲಂಗ ಇದೆಯಾ?"

"ಇದೆ."

ಮಧ್ಯಾಹ್ನ ಜಗಲಿಗೆ ಹೋಗುವಷ್ಟರಲ್ಲಿ ಆ ಒಳಲಂಗ ಅವಳಿಗಿಂತ ಮುಂಚೆ ಹೋಗಿ ಕೂತಿತ್ತು.

"ಬಾಮ್ಮ ಬಾ, ಫ್ಯಾಷನ್ ರಾಣಿ," ಎಂದಳು ಕಂಡಕ್ಟರನ ಹೆಂಡತಿ. "ಕ್ಯಾನ್ ಎತ್ತೋವಾಗ ಬಣ್ಣ ತೋರಿಸ್ಕೊಂಡು ಓಡಾಡೋ ಯೋಚನೆಯಾ?"

"ವಯಸ್ಸಾಯ್ತು ಅಂದ್ಕೊಂಡಿದ್ದೆ, ಬಣ್ಣ ಈಗ ಬರ್ತಿದೆ," ಎಂದಳು ಟೈಲರಮ್ಮ.

ಡೇರಿಯಕ್ಕ ಕೂತು, ಅದಕ್ಕೆ ಕಸೂತಿ ಅಂಚೂ ಇದೆ ಎಂದು ಇನ್ನಷ್ಟು ಸೇರಿಸಿದಳು. ನಗು ಜೋರಾಯಿತು. ತನ್ನ ಮೈಮೇಲಿನ ಸುಳ್ಳನ್ನು ಹೀಗೆ ಉದ್ದ ಎಳೆಯುವುದು ಅಷ್ಟೇನೂ ಕಷ್ಟವಲ್ಲ ಎನ್ನಿಸಿತು. ಆಮೇಲೆ ಅಂಗಡಿಸೊಸೆ ಬಿಡಲಿಲ್ಲ.

"ಅದಿರಲಿ ಅಕ್ಕಾ. ನಾನು ನಿಮ್ಮ ಓರಗಿತ್ತೀನ ಕೇಳೇಬಿಟ್ಟೆ. ನಾನಲ್ಲಮ್ಮ ಅಂದ್ರು. ಮತ್ತೆ ಯಾರು?"

ಮಿಷನ್ ನಿಂತಿತು. ಮೂರು ಮುಖಗಳು ಅವಳ ಕಡೆ ತಿರುಗಿದವು. ಡೇರಿಯಕ್ಕನ ನಾಲಗೆಯ ತುದಿಯಲ್ಲಿ ಎಲ್ಲವೂ ಇತ್ತು. ಚೀಲ, ಡಬ್ಬಣ, ಸರ್ರನೆ ಬಿಚ್ಚಿದ ದಾರ, ಅಪ್ಪನ ಪಂಚೆ ಸುತ್ತಿಕೊಂಡು ಕೂತ ಹುಡುಗಿ. ಹೇಳಿದರೆ ಒಂದು ವಾರ ಬಾಳುವ ಕತೆ. ಹೇಗೆ ಶುರುಮಾಡಬೇಕು, ಎಲ್ಲಿ ನಿಲ್ಲಿಸಿ ಅವರ ಮುಖ ನೋಡಬೇಕು ಎಂಬುದೂ ಅವಳಿಗೆ ತಿಳಿದಿತ್ತು.

"ಗೊತ್ತಾಗಲಿಲ್ಲ ಕಣ್ರೇ," ಎಂದಳು.

"ಗೊತ್ತಾಗಲಿಲ್ವಾ? ನಿಂಗೆ?" ಎಂದಳು ಕಂಡಕ್ಟರನ ಹೆಂಡತಿ. "ಇರಲಿ, ಆ ಕೊಕ್ಕರೇನೇ ಹಿಡಿದು ಕೇಳು."

"ಆ ಹೆಸರು ಇನ್ನು ಬೇಡ," ಎಂದಳು ಡೇರಿಯಕ್ಕ. ದನಿ ಏರಿಸಲಿಲ್ಲ. "ತಪ್ಪು ನಂದೇ, ಶುರು ಮಾಡಿದ್ದು ನಾನು. ನಿನ್ನ ಮಗನಿಗೂ ಒಂದು ಮಾತು ಹೇಳು."

ಕಂಡಕ್ಟರನ ಹೆಂಡತಿ ಚೂರುಬಟ್ಟೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಟೈಲರಮ್ಮ ಕನ್ನಡಕದ ಮೇಲಿನಿಂದ ಒಂದು ಸಲ ನೋಡಿ ಮಿಷನ್ ತುಳಿದಳು. ಅಂಗಡಿಸೊಸೆ ಮಗುವನ್ನು ಭುಜಕ್ಕೆ ಹಾಕಿಕೊಂಡು, ಉಬ್ಬುತೋಳು ಬೇಡವಾದರೆ ಕತ್ತಿನ ಪಟ್ಟಿಯಾದರೂ ಹೊಸ ಥರ ಇಡೋಣವೇ ಎಂದು ಕೇಳಿದಳು.

ಮರುದಿನ ಗಂಡನ ಊಟದ ಡಬ್ಬಿಯ ಚೀಲದಲ್ಲಿ ಡೇರಿಯಕ್ಕ ನೀಲಿ ರೀಲನ್ನೂ ಒಂದು ಸಣ್ಣ ಸೂಜಿಯನ್ನೂ ಇಟ್ಟಳು.

ಕೆಲವು ದಿನ ಕಳೆದ ಮೇಲೆ ಮಗಳ ಇನ್ನೊಂದು ಲಂಗ ಒಗೆಯಲು ಬಂತು. ಅದರ ಕೆಳಗೂ ಕಡುನೀಲಿ ಪಟ್ಟಿ ಇಳಿದಿತ್ತು. ಒಳಗೆ ಅದೇ ಚೀಲದ ಹೊಲಿಗೆ, ಈ ಸಲ ಸಣ್ಣಗೆ, ನೀಲಿ ದಾರದಲ್ಲಿ. ಈ ಸಲವೂ ಮಗಳು ತನ್ನ ಹತ್ತಿರ ಬರಲಿಲ್ಲ ಎಂದು ಡೇರಿಯಕ್ಕನಿಗೆ ಒಂದು ಕ್ಷಣ ಚುಚ್ಚಿತು. ಅಂಚನ್ನು ಜೋರಾಗಿ ತಿಕ್ಕದೆ ಒಗೆದಳು. ದಾರದ ಬಾಲ ಎಲ್ಲಿದೆ ಎಂದು ಹುಡುಕಿ, ಯಾರ ಕೈಗೂ ಸಿಗದ ಹಾಗೆ ಒಳಗೆ ತುರುಕಿ ಹಗ್ಗಕ್ಕೆ ಹಾಕಿದಳು.

ಸಂಜೆ ಅದನ್ನು ತೆಗೆಯುವಾಗ ಮಗಳು ಬೆರಳಿನಿಂದ ಆ ಬಾಲಕ್ಕಾಗಿ ತಡಕಾಡಿದಳು. ಅದು ಮೊದಲಿದ್ದ ಜಾಗದಲ್ಲಿರಲಿಲ್ಲ, ಯಾರೋ ಒಳಗೆ ಸೇರಿಸಿದ್ದರು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನಿಂತರೆ ಈಗ ಅವಳ ತಲೆ ಮೇಲಿನ ಚಿಲಕವನ್ನೂ ಮೀರುತ್ತಿತ್ತು.

"ಅಮ್ಮ, ಗಿರಣೀಲಿ ನೀಲಿ ದಾರ ಇರತ್ತಾ?"

ಡೇರಿಯಕ್ಕ ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು. "ಇರಬಹುದಪ್ಪ. ನಂಗೇನು ಗೊತ್ತು, ನಾನು ಗೇಟು ದಾಟಿ ಒಳಗೆ ಹೋಗೋದೇ ಇಲ್ವಲ್ಲ."

ಮಗಳು ಅಲ್ಲೇ ನಿಂತು ಅಮ್ಮನ ಬೆನ್ನನ್ನು ನೋಡಿದಳು. ಬೆನ್ನಿನ ಕೆಳಗೆ ಸೆರಗಿನ ಮೂಲೆಯಲ್ಲಿ ಒಂದು ಅಂಗೈಯಗಲ ಅವತ್ತಿನದೇ ಹಿಟ್ಟು ಅಂಟಿತ್ತು, ಗಿರಣಿಯ ಚೀಲದ ಮೇಲೆ ಕೂತು ಎದ್ದವರಿಗೆ ಅಂಟುವ ಹಾಗೆ. ಅವಳು ಹತ್ತಿರ ಬಂದು, ಕೈಯಿಂದ ಎರಡು ಸಲ ತಟ್ಟಿ ಅದನ್ನು ಉದುರಿಸಿದಳು.