ಕಪ್ಪೆಯ ಎರಡನೆಯ ಕೂಗು

ನಿವೃತ್ತರಾದ ಮೇಲೆ ಎರಿಬೆರ್ತೊ ಮೇಷ್ಟರು ಹಿಡಿದದ್ದು ಒಂದೇ ಕೆಲಸ: ವಿಜ್ಞಾನ ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆಯುವುದು. ಯಾರದೋ ಲೇಖನದಲ್ಲಿ ತಪ್ಪು ಸಿಕ್ಕರೆ ಸಾಕು, ಅವರಿಗೆ ಹಬ್ಬ. ಅರವತ್ತೆರಡು ಪತ್ರ ಅಚ್ಚಾಗಿದ್ದವು. ಲೊಹಾ ಊರಿನ ಅರ್ಧ ಪ್ರಾಧ್ಯಾಪಕರು ಅವರನ್ನು ಕಂಡರೆ ರಸ್ತೆ ದಾಟುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಹಳೇ ಶಿಷ್ಯೆಯಾದ ನಾನೇ ಪ್ರತಿ ಗುರುವಾರ ಮಧ್ಯಾಹ್ನ ಹೋಗಿ ಪತ್ರಿಕೆ ಓದಿ ಹೇಳಿ, ಅವರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದೆ.

ಆ ಗುರುವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. ನನ್ನ ಮೊದಲ ಲೇಖನ ಅಚ್ಚಾಗಿತ್ತು! ಮುಂದಿನ ತಿಂಗಳು ವಿಶ್ವವಿದ್ಯಾಲಯದಲ್ಲಿ ಕಾಯಂ ಹುದ್ದೆಯ ಸಂದರ್ಶನ. ಒಂಬತ್ತು ವರ್ಷ ಗುತ್ತಿಗೆಯಲ್ಲೇ ದುಡಿದವಳಿಗೆ ಆ ಲೇಖನವೇ ಆಧಾರ. ಒಂದೇ ಕಿರಿಕಿರಿ. ನಾನು ತಾರ್ಹೆಲಿಯಾ ಒರ್ದೋನ್ಯೆಸ್ ವಿವಾಂಕೊ. ಅಪ್ಪನ ಮನೆತನದ ಹೆಸರು ಮೊದಲು, ಅಮ್ಮನದು ಆಮೇಲೆ. ಆ ಇಂಗ್ಲಿಷ್ ಪತ್ರಿಕೆಯವರು ಅಪ್ಪನನ್ನು ನುಂಗಿ ‘ಟಿ. ವಿವಾಂಕೊ’ ಎಂದಷ್ಟೇ ಹಾಕಿದ್ದರು. ಲೊಹಾದಲ್ಲಿ ಕಲ್ಲೆಸೆದರೆ ಒಬ್ಬ ವಿವಾಂಕೊಗೆ ತಗಲುತ್ತದೆ. ಹೋಗಲಿ, ಮೇಷ್ಟರು ಮೊದಲು ಹೊಗಳಲಿ, ಆಮೇಲೆ ಬರೆದವಳು ನಾನೇ ಎಂದು ಹೇಳೋಣ ಅಂದುಕೊಂಡು ಓದತೊಡಗಿದೆ.

ಬೆಟ್ಟದ ಹುಲ್ಲುಗಾವಲಿನ ಒಂದು ಪುಟ್ಟ ಕಪ್ಪೆಗೆ ಎರಡು ಬಗೆಯ ಕೂಗಿದೆ, ಎರಡನೆಯದನ್ನು ಇದುವರೆಗೆ ಯಾರೂ ಗುರುತಿಸಿಲ್ಲ ಎಂಬುದು ನನ್ನ ಘನ ಸಾಧನೆ. ‘ಟಕ್’ ಎಂಬ ಸದ್ದು, ಒಂದೂಕಾಲು ಸೆಕೆಂಡಿಗೊಮ್ಮೆ, ಸಂಜೆಯಿಂದ ಬೆಳಗಿನವರೆಗೆ.

“ತಡಿ, ತಡಿ. ಮಧ್ಯ ಎಲ್ಲೂ ನಿಲ್ಸಲ್ವಾ ಅದು?”

“ಇಲ್ಲ ಮೇಷ್ಟ್ರೇ. ಅದೇ ವಿಶೇಷ.”

“ಉಸಿರೂ ಎಳ್ಕೊಳಲ್ವಾ? ಮಳೆ ಬಂದ್ರೂ?”

“ಊಹೂಂ,” ಎಂದೆ, ಹೆಮ್ಮೆಯಿಂದಲೇ.

ಮೇಷ್ಟರು ತೊಡೆ ತಟ್ಟಿಕೊಂಡು ನಕ್ಕರು; ಕಾಫಿ ಅಂಗಿಯ ಮೇಲೆ ಚೆಲ್ಲಿತು. “ಅಯ್ಯೋ ನನ್ನಪ್ಪಾ! ಅದು ಕಪ್ಪೆ ಅಲ್ಲ ಕಣಮ್ಮ, ಕರೆಂಟ್ ಬೇಲಿ! ದನ ಆಚೆ ಹೋಗ್ಬಾರ್ದು ಅಂತ ಹಾಕಿರ್ತಾರಲ್ಲ, ಹುಲ್ಲು ತಾಗಿದ್ರೆ ಟಕ್ ಟಕ್ ಅನ್ನುತ್ತೆ. ಯಾವ ಸೀಮೆ ಪಂಡಿತ ಇವ್ನು? ಕಿವುಡ! ತಗೋ, ಬರ್ಕೋ!”

ಬೇಲಿ ಇತ್ತು. ಅದರ ಕಂಬಕ್ಕೇ ನಾನು ಮೈಕು ಕಟ್ಟಿದ್ದೆ.

ಮೇಷ್ಟರು ಹೇಳುತ್ತ ಹೋದರು, ‘ಕಿವುಡ’ ಎಂಬುದನ್ನೂ ಬಿಡದೆ. ಕಳಿಸಿದೆ ಅಂತ ಸುಳ್ಳು ಹೇಳಿ ಅಳಿಸಿಬಿಟ್ಟರೆ ಈ ಮುದುಕನಿಗೆ ಗೊತ್ತಾಗುತ್ತದೆಯೇ? ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಆದರೆ ತಪ್ಪು ಕಂಡ ಮೇಲೆ ಕಾಣದಂತೆ ಇರುವುದನ್ನು ಈ ಮನುಷ್ಯ ನನಗೆ ಕಲಿಸಿಯೇ ಇರಲಿಲ್ಲ, ದರಿದ್ರ. ಟೈಪ್ ಮಾಡಿದೆ, ಕಳಿಸಿದೆ.

ಪತ್ರವನ್ನು ಮೊದಲು ಲೇಖಕರಿಗೇ ತೋರಿಸಿ ಉತ್ತರ ಕೇಳುವುದು ಪತ್ರಿಕೆಗಳ ಪದ್ಧತಿ. ಎರಡು ದಿನಕ್ಕೆ ಅದು ನನ್ನ ಬಳಿಗೇ ವಾಪಸು ಬಂತು. ನಾಲ್ಕೇ ಸಾಲು ಬರೆದೆ: ಪತ್ರದಲ್ಲಿ ಹೇಳಿದ್ದು ಸರಿ. ಮೈಕು ಬೇಲಿಯ ಕಂಬದಲ್ಲೇ ಇತ್ತು. ಎರಡನೆಯ ಕೂಗನ್ನು ಹಿಂದಕ್ಕೆ ಪಡೆಯುತ್ತೇನೆ. ಮೊದಲನೆಯದು ಕಪ್ಪೆಯದೇ.

ಎರಡೂ ಜೊತೆಯಾಗಿ ಅಚ್ಚಾದವು. ಮೇಷ್ಟರಿಗೆ ಓದಿ ಹೇಳಿದೆ, ಉತ್ತರ ಬರೆದವಳು ನಾನೇ ಎಂದು ಮಾತ್ರ ಹೇಳಲಿಲ್ಲ. ಸಂದರ್ಶನಕ್ಕೆ ಲೇಖನದ ಜೊತೆ ಅವನ್ನೂ ಇಟ್ಟೆ.

“ಇದನ್ಯಾಕಮ್ಮ ತಂದೆ?” ಎಂದರು ಸಂದರ್ಶನ ಸಮಿತಿಯ ಅಧ್ಯಕ್ಷೆ.

“ಬೇರೆಯವ್ರು ತೋರ್ಸೋಕೆ ಮುಂಚೆ ನಾನೇ ತೋರಿಸ್ಬಿಡೋಣ ಅಂತ, ಮೇಡಂ.”

ಎದುರಿದ್ದ ಮೂವರೂ ಮೇಷ್ಟರ ಪತ್ರದ ಏಟು ತಿಂದವರೇ. ಒಬ್ಬರೂ ಉತ್ತರ ಬರೆದಿರಲಿಲ್ಲ. ಮುಖ ಮುಖ ನೋಡಿಕೊಂಡರು. ಹುದ್ದೆ ನನಗೇ ಸಿಕ್ಕಿತು.

ಮುಂದಿನ ಗುರುವಾರ ಓಡಿಹೋಗಿ ಹೇಳಿದೆ. “ಮೇಷ್ಟ್ರೇ, ಆ ವಿವಾಂಕೊ ನಾನೇ. ಅಮ್ಮನ ಕಡೆ ಹೆಸ್ರು.”

ಮೇಷ್ಟರು ಕಾಫಿ ಲೋಟ ಕೆಳಗಿಟ್ಟರು. “ಕಿವುಡ ಅನ್ನೋದನ್ನೂ ನೀನೇ ಟೈಪ್ ಮಾಡ್ದೆ?”

“ಹೂಂ. ಎರಡು ಸಲ ಇತ್ತು.”

ತಟ್ಟನೆ ಅವರ ಮುಖ ಬಿಳಿಚಿತು. “ಪತ್ರದ ಕೊನೇಲಿ ಒಂದು ಘೋಷಣೆ ಹಾಕ್ತೀವಲ್ಲ... ನಾನೇನಂತ ಹೇಳಿದ್ದೆ?”

“‘ಲೇಖಕರೊಡನೆ ನನಗೆ ಯಾವ ಸಂಬಂಧವೂ ಇಲ್ಲ’ ಅಂತ. ನಾನೂ ಬಾಯ್ಮುಚ್ಕೊಂಡು ಟೈಪ್ ಮಾಡ್ದೆ.”

“ಸುಳ್ಳು! ಅಚ್ಚಾಗಿಬಿಟ್ಟಿದೆ! ನನ್ನ ಪತ್ರದಲ್ಲಿ ತಪ್ಪು!” ಅರವತ್ತಮೂರು ಪತ್ರಗಳಲ್ಲಿ ಇದೇ ಮೊದಲ ತಪ್ಪು. “ತೆಗಿ ಲ್ಯಾಪ್‌ಟಾಪು. ಬರ್ಕೋ. ಮಾನ್ಯ ಸಂಪಾದಕರೇ, ನನ್ನ ಹಿಂದಿನ ಪತ್ರದಲ್ಲೊಂದು ತಪ್ಪಿದೆ. ಆ ಲೇಖಕಿ ನನ್ನ ವಿದ್ಯಾರ್ಥಿನಿ. ಆಕೆಯ ಬಗ್ಗೆ ನನಗೆ ಹೆಮ್ಮೆಯಿದೆ.”

ಹೇಗೋ ನಕ್ಕೆ. “ಹಂಗೆಲ್ಲ ಬರೆದ್ರೆ ಆಧಾರ ಕೇಳ್ತಾರೆ ಮೇಷ್ಟ್ರೇ.”

“ನಿನ್ನ ಆ ನಾಲ್ಕು ಸಾಲೇ ಆಧಾರ ಕಣಮ್ಮ,” ಎಂದರು. “ಪುಟದ ಸಂಖ್ಯೆ ಹಾಕು.”