ಮನೆಗಾಡಿಯ ಚಾವಿ ಎಲ್ಲಿದೆ?

ಕೀಲೆಣ್ಣೆಯ ವಾಸನೆ ಬಂದರೆ ಯಮನಮ್ಮನಿಗೆ ಇವತ್ತಿಗೂ ತವರಿನ ಸಂಜೆ ನೆನಪಾಗುತ್ತದೆ. ಕಂಪ್ಲಿ ಹತ್ತಿರದ ಆ ಹಳ್ಳಿಯಲ್ಲಿ ಅಪ್ಪ ಎತ್ತುಗಳನ್ನು ಬಿಚ್ಚಿ ಕಟ್ಟಿ, ಸುಟ್ಟ ಹುಲ್ಲಿನ ಮಸಿ ಕಲೆಸಿದ ಹರಳೆಣ್ಣೆಯನ್ನು ಬಂಡಿಯ ಅಚ್ಚಿಗೆ ಸವರುತ್ತಿದ್ದ. ಹೊಗೆ, ಎಣ್ಣೆ, ಕಬ್ಬಿಣ ಮೂರೂ ಸೇರಿದ ವಾಸನೆ ಅದು. ಆಮೇಲೆ, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕಿದ ಕೀಲನ್ನು ಎಳೆದು ತೆಗೆದು, ಪಂಚೆಗೆ ಒರೆಸಿ, ಮನೆಯೊಳಗಿನ ಗೂಡಿನಲ್ಲಿ ಇಡುತ್ತಿದ್ದ.

“ಈಗ ಯಾವನರ ಬಂಡಿ ಹೊಡ್ಕೊಂಡು ಹೋಗ್ಲಿ ನೋಡ್ತೀನಿ. ನಾಕ್ ಹೆಜ್ಜಿಗೆ ಗಾಲಿ ಬಿಚ್ಚಿ ಬೀಳ್ತೈತಿ,” ಎಂದು ನಗುತ್ತಿದ್ದ.

ಐವತ್ತು ವರ್ಷಗಳ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಗಾದಿಗನೂರಿನ ಅವಳ ಮನೆಯ ಮುಂದೆ ಹಾಗೆಯೇ ಎಣ್ಣೆಯ ವಾಸನೆ ಹೊತ್ತು ಒಂದು ಗಾಡಿ ಬಂದು ನಿಂತಿತು. ಹಳೆಯ ಟೆಂಪೋ ಟ್ರಾವೆಲರ್. ಆದರೆ ಒಳಗೆ ಹತ್ತಿ ನೋಡಿದರೆ ಸಾಕ್ಷಾತ್ ಮನೆ! ಎರಡು ಮಂಚ, ಅಡುಗೆ ಕಟ್ಟೆ, ಮೊಣಕಾಲೆತ್ತರದ ಫ್ರಿಜ್, ಕೈ ತೊಳೆಯಲು ನಲ್ಲಿ, ಚಾವಣಿಯ ಮೇಲೆ ಸೋಲಾರ್. ಪೇಟೆಯವರು ಮೋಟರ್‌ಹೋಮ್ ಎನ್ನುವುದನ್ನು ಊರಿನವರು ಒಂದೇ ಗಳಿಗೆಯಲ್ಲಿ ಮನೆಗಾಡಿ ಮಾಡಿಕೊಂಡರು.

ಇದು ಮೂವರ ಕನಸು. ಮಗಳು ಗಾಯತ್ರಿ ಹಂಪಿಯಲ್ಲಿ ಗೈಡ್. ಪ್ರವಾಸಿಗರನ್ನು ಕರೆತರುವವಳು ಅವಳು. ಗಂಡ ಓಬಳಪ್ಪ ಸಂಡೂರಿನ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಟಿಪ್ಪರ್ ಓಡಿಸಿದವನು. ಗಾಡಿ ನಡೆಸುವವನು ಅವನು. ಅಡುಗೆ ಯಮನಮ್ಮನದು. ಗಾಡಿಯ ಬಾಗಿಲ ಮೇಲೆ ಗಾಯತ್ರಿ ‘ಯಮನಮ್ಮನ ಕೈರುಚಿ’ ಎಂದು ಬರೆಸಿದ್ದಳು. ಗಣಿಯ ಶಿಫ್ಟಿಗೆ ಹೋಗುವ ಗಂಡನಿಗೆ ಇಷ್ಟು ವರ್ಷ ಬುತ್ತಿ ಕಟ್ಟಿದವಳು, ತನ್ನ ಹೆಸರನ್ನು ಬಣ್ಣದಲ್ಲಿ ನೋಡಿದ್ದು ಅದೇ ಮೊದಲು. ಯಾರೂ ಇಲ್ಲದಾಗ ಹೋಗಿ ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಬಂದಳು. ಬರುವ ಭಾನುವಾರವೇ ಮೊದಲ ಪ್ರವಾಸ. ಹಂಪಿ, ಸಂಡೂರಿನ ಗುಡ್ಡ, ಕಂಪ್ಲಿಯ ಹೊಳೆದಂಡೆ. ಈ ಗಾಡಿಯೇ ಅವರ ಮುಂದಿನ ಬದುಕು.

ಓಬಳಪ್ಪ ಗಾಡಿಗೆ ನಿಂಬೆಹಣ್ಣು ಕಟ್ಟಿ, ಮುಂದಿನ ಎಡಗಾಲಿಯ ಹತ್ತಿರ ಬಗ್ಗಿ, ಟೈರಿನ ಮೇಲೆ ಚಾವಿ ಇಟ್ಟ.

“ಅಲ್ರಿ, ಚಾವಿ ಒಳಗ ತರಬಾರದ?” ಎಂದಳು ಯಮನಮ್ಮ.

“ನಿನಗೇನ್ ಗೊತ್ತಲೇ! ಗಣ್ಯಾಗ ಶಿಫ್ಟ್ ಮುಗದ್ರ ಚಾವಿ ಟೈರ್ ಮ್ಯಾಲನ ಇಡಬೇಕು. ಮುಂದಿನ ಡ್ರೈವರ್ ಬಂದು ತಗೋತಾನ. ಇಪ್ಪತ್ತೆಂಟು ವರ್ಷ ಇಟ್ಟೀನಿ, ಒಂದು ನಟ್ ಹೋಗಿಲ್ಲ.”

ಗಾಯತ್ರಿ ಆ ಹೊತ್ತಿಗೆ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು. “ಅಪ್ಪಾ, ಇನ್ನೊಂದ್ ಸಲ ಚಾವಿ ತಗೊಂಡು ಸ್ಟೈಲಾಗಿ ಬಾಗ್ಲಾ ತಗೀ!” ಅಪ್ಪನೂ ಮೀಸೆ ತಿರುವಿ ತೆಗೆದ. ಮನೆ, ಬೀದಿ, ಗಾಡಿಯ ನಂಬರು, ಒಳಗಿನ ಫ್ರಿಜ್ ಎಲ್ಲವನ್ನೂ ಹಿಡಿದ ಆ ವಿಡಿಯೋ ಮಧ್ಯಾಹ್ನದೊಳಗೆ ಊರೂರು ಸುತ್ತಿತು.

ಎದುರಿಗೆ ಪಂಚರ್ ಅಂಗಡಿಯ ಮೂಕಣ್ಣ. ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಅವನು ಕೈ ಒರೆಸಿಕೊಳ್ಳುತ್ತಾ ಬಂದು, “ಓಬಳಣ್ಣ, ಗಾಡಿ ಮೂತಿ ರೋಡಿಗೆ ಬ್ಯಾಡ. ಗ್ವಾಡಿ ಕಡಿ ಮಾಡಿ ನಿಲ್ಸು,” ಎಂದ.

“ಪಂಚರ್ ಹಾಕಾವ ನನಗ ಗಾಡಿ ನಿಲ್ಸೋದು ಕಲಸ್ತೀಯೇನೋ?” ಎಂದು ಓಬಳಪ್ಪ ಎಲ್ಲರ ಮುಂದೆ ನಕ್ಕುಬಿಟ್ಟ. ಮೂಕಣ್ಣ ತನ್ನ ಅಂಗಡಿಯ ಕಡೆ ತಿರುಗಿದ. ಹೋಗುವಾಗ ಗಾಡಿಯ ಹಿಂದಿನ ಗಾಲಿಗೆ ಕೊಟ್ಟಿದ್ದ ಕಲ್ಲು ಜಾರಿದ್ದನ್ನು ಕಂಡು, ಕಾಲಿನಿಂದ ಸರಿಯಾಗಿ ಒತ್ತಿ ಹೋದ. ಅದನ್ನು ಕಂಡವಳು ಯಮನಮ್ಮ ಒಬ್ಬಳೇ.

ಮಂಗಳವಾರ ಬೀಟ್ ಕಾನ್‌ಸ್ಟೆಬಲ್ ಹೇಮಾ ಬಂದಳು. ಅದೇ ಓಣಿಯ ಹುಡುಗಿ. ಯಮನಮ್ಮನಿಗೆ ಅತ್ತಿ, ಓಬಳಪ್ಪನಿಗೆ ಮಾವ ಎನ್ನುವವಳು.

“ಅತ್ತಿ, ನಿಮ್ಮ ಮನಿಗಾಡಿ ನೋಡಾಕ ಬಂದೆ. ವಿಡಿಯೋದಾಗ ಭಾಳ ಮಸ್ತ್ ಕಾಣ್ತೈತಿ.”

“ಬಾರವ್ವ, ಕುಂದ್ರು. ಚಾ ಮಾಡ್ತೀನಿ. ಗಾಡ್ಯಾಗಿನ ಒಲಿ ಮ್ಯಾಲನ ಮಾಡ್ತೀನಿ!”

ಹೇಮಾ ಗಾಡಿಯನ್ನು ಸುತ್ತಿ ನೋಡಿದಳು. ಫ್ರಿಜ್ಜಿಗೆ ಕರೆಂಟು ಕೊಡಲು ಮನೆಗೋಡೆಯ ಸಾಕೆಟ್ಟಿನಿಂದ ಎಳೆದ ಉದ್ದನೆಯ ವೈರು. ತೆರೆದ ಕಿಟಕಿ. ಸ್ಟೇರಿಂಗ್ ಪಕ್ಕದ ಡಬ್ಬಿಯಲ್ಲಿ ಗಾಡಿಯ ಕಾಗದಪತ್ರ. ಟೈರಿನ ಮೇಲೆ ಕೈಯಾಡಿಸಿದಳು. ಚಾವಿ ಸಿಕ್ಕಿತು.

“ಮಾವ, ಇದೇನಿದು?”

“ನನ್ನ ಗಾಡಿ ಯಾವನು ಮುಟ್ತಾನಬೇ? ಇಷ್ಟು ದೊಡ್ಡದು, ಏನ್ ಕಿಸೆದಾಗ ಇಟ್ಕೊಂಡ್ ಹೋಗ್ತಾನ?”

“ದೊಡ್ಡದಂತನ ಕಳ್ಳರಿಗೆ ಆಸಿ. ಕಾರು ಕದ್ರ ಕಾರಷ್ಟ. ಇದನ್ನ ಕದ್ರ ಮನೀನ ಸಿಕ್ಕಂಗ. ಫ್ರಿಜ್, ಬ್ಯಾಟರಿ, ಸಿಲಿಂಡರ್ ಎಲ್ಲಾ ಒಮ್ಮಿಗೇ.”

“ಗಣ್ಯಾಗ ಇಪ್ಪತ್ತೆಂಟು ವರ್ಷ...”

“ಗಣ್ಯಾಗ ಗೇಟಿತ್ತು ಮಾವ. ಸೆಕ್ಯೂರಿಟಿ ಇತ್ತು, ಚೆಕ್‌ಪೋಸ್ಟ್ ಇತ್ತು. ಒಳಗಿನ ಗಾಡಿ ಹೊರಗ ಹೋಗಬೇಕಂದ್ರ ಮೂರು ಕಡಿ ಸಹಿ. ಇಲ್ಲಿ ನಿಮ್ಮ ಗೇಟ್ ಎಲ್ಲೈತಿ ತೋರಸ್ರಿ.”

ಓಬಳಪ್ಪ ಬೀದಿಯ ಕಡೆ ಕೈ ಮಾಡಿ, “ಊರೆಲ್ಲ ನಮ್ಮವರ ಅದಾರ,” ಎಂದ.

“ಊರು ನಮ್ಮದ. ಟೈರ್ ಮ್ಯಾಲ ಚಾವಿ ಇಡೋದು ಗಣಿಗೆ ಹೋದ ಪ್ರತಿ ಡ್ರೈವರಿಗೂ ಗೊತ್ತೈತಿ. ಎಷ್ಟು ಊರಿನವರು ಹೋಗ್ಯಾರ ಹೇಳ್ರಿ? ಚಾವಿ ಒಳಗ ಇಡ್ರಿ. ಸ್ಟೇರಿಂಗಿಗೆ ಒಂದು ಬೀಗ, ಗಾಲಿಗೊಂದು ಬೀಗ ಹಾಕ್ರಿ. ಕಳ್ಳನಿಗೆ ಭಾಳ ಹೊತ್ತು ಹಿಡಿಯೋ ಕೆಲಸ ಅಂದ್ರ ಆಗಿ ಬರಂಗಿಲ್ಲ.”

“ನೋಡೋಣ, ನೋಡೋಣ. ಟ್ರಿಪ್ ಮುಗಿಲಿ,” ಎಂದು ಓಬಳಪ್ಪ ಚಾವಿಯನ್ನು ಮತ್ತೆ ಟೈರಿನ ಮೇಲೆಯೇ ಇಟ್ಟ. ಹೇಮಾ ಚಹಾ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದಳು. ಯಮನಮ್ಮನಿಗೆ ಅಪ್ಪನ ಬಂಡಿಯ ಕೀಲು ನೆನಪಿಗೆ ಬಂತು. ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಬುಧವಾರ, ಮಧ್ಯಾಹ್ನ ಮೂರು ಗಂಟೆ. ಓಬಳಪ್ಪ ಪಡಸಾಲೆಯಲ್ಲಿ ನಿದ್ದೆ ಹೋಗಿದ್ದ. ಗಾಯತ್ರಿ ಒಳಗೆ ಫೋನಿನಲ್ಲಿದ್ದಳು. ಯಮನಮ್ಮ ಪ್ರವಾಸಕ್ಕೆಂದು ಮಿಕ್ಸಿಯಲ್ಲಿ ಶೇಂಗಾ ಚಟ್ನಿಪುಡಿ ಮಾಡುತ್ತಿದ್ದಳು. ಚಟ್ ಎಂದು ಸದ್ದಾಗಿ ಮಿಕ್ಸಿ ನಿಂತಿತು. ಫ್ಯಾನೂ ನಿಂತಿತು. ಕರೆಂಟು ಹೋಯಿತೇನೋ ಎಂದುಕೊಂಡಳು. ಆದರೆ ಆಚೆ ಓಣಿಯ ಹಿಟ್ಟಿನ ಗಿರಣಿ ಇನ್ನೂ ಓಡುತ್ತಲೇ ಇತ್ತು. ಅದರ ಜೊತೆಗೆ ಇನ್ನೊಂದು ಎಂಜಿನ್ನಿನ ಸದ್ದು, ತೀರಾ ಹತ್ತಿರದಲ್ಲಿ.

ಹೊರಗೆ ಓಡಿ ಬಂದಳು. ಗೋಡೆಯ ಸಾಕೆಟ್ ಕಿತ್ತು ಬಂದು ಮನೆಯ ಫ್ಯೂಸ್ ಹಾರಿತ್ತು. ಮನೆಗಾಡಿ ಬೀದಿಗೆ ಇಳಿದಿತ್ತು. ಕಿತ್ತ ವೈರು ಅದರ ಹಿಂದೆ ಬಾಲದಂತೆ ಧೂಳಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು.

“ಗಾಡೀ! ರೀ, ಏಳ್ರೀ, ಗಾಡಿ ಹೊಂಟೈತಿ!”

ಅಷ್ಟರಲ್ಲಿ ಎದುರಿನ ಅಂಗಡಿಯಿಂದ ಎದೆಯೆತ್ತರದ ಒಂದು ಲಾರಿ ಟೈರು ಉರುಳುತ್ತಾ ಬಂದು ರಸ್ತೆಯ ನಡುವೆ ಅಡ್ಡಬಿತ್ತು. ಹಿಂದೆ ಮೂಕಣ್ಣ, ಎರಡನೆಯ ಟೈರು ಉರುಳಿಸಲು ಸಿದ್ಧನಾಗಿ! ಗಾಡಿ ಟೈರಿಗೆ ಗುದ್ದಿ, ಎಗರಿ, ಎಂಜಿನ್ ಆರಿ ನಿಂತಿತು. ಬಾಗಿಲು ತೆರೆದು ಟೋಪಿ ಹಾಕಿದ ಒಬ್ಬ ಆಳು ಜಿಗಿದು, ಬಾಳೆತೋಟದ ದಿಕ್ಕಿಗೆ ಓಟ ಕಿತ್ತ. ಮೂಕಣ್ಣನ ಬಾಯಿಂದ ಅಷ್ಟು ದೊಡ್ಡ ಕೂಗನ್ನು ಊರು ಎಂದೂ ಕೇಳಿರಲಿಲ್ಲ. “ಹಿಡೀರಿ! ಹಿಡೀರಿ ಅವನ್ನ!”

ಅವನು ಸಿಗಲಿಲ್ಲ. ಆದರೆ ಗಾಡಿ ಉಳಿಯಿತು. ಮುಂದಿನ ಬಂಪರ್ ನೆಗ್ಗಿತ್ತು, ಅಷ್ಟೇ. ಗಾಯತ್ರಿ ಕೂಡಲೇ 112ಕ್ಕೆ ಫೋನ್ ಮಾಡಿದಳು. ಯಮನಮ್ಮ ಬಾಗಿಲ ಮೇಲಿನ ತನ್ನ ಹೆಸರನ್ನು ಹಿಡಿದುಕೊಂಡೇ ನಿಂತಿದ್ದಳು.

“ಟೈರ್ ಹತ್ರ ಬಗ್ಗಿದ,” ಎಂದ ಮೂಕಣ್ಣ ಉಸಿರು ಎಳೆಯುತ್ತಾ. “ನಿಮ್ಮ ಕಡೇವನಿರಬೇಕು ಅಂದ್ಕೊಂಡೆ ಅಕ್ಕ. ಆಮ್ಯಾಲ ವೈರು ಬಿಚ್ಚದಾಂಗ ಸ್ಟಾರ್ಟ್ ಮಾಡಿದ್ನಲ್ಲ? ಮನೀಯವರು ಹಂಗ್ ಮಾಡಂಗಿಲ್ಲ ಅನಿಸ್ತು.”

ಹೇಮಾ ಬಂದು ಗಾಯತ್ರಿಯ ವಿಡಿಯೋ ತೆರೆದು ತೋರಿಸಿದಳು. ಓಬಳಪ್ಪ ಮೀಸೆ ತಿರುವಿ, ಬಗ್ಗಿ, ಟೈರಿನ ಮೇಲಿಂದ ಚಾವಿ ತೆಗೆಯುತ್ತಿದ್ದ. ಹಿಂದೆ ಮನೆ, ಬೀದಿ, ಊರಿನ ಬೋರ್ಡು.

“ಇದನ್ನ ನೋಡೇ ಬಂದಾನೋ, ಗಣಿ ರೂಢಿ ಗೊತ್ತಿದ್ದು ಬಂದಾನೋ, ಹೇಳಾಕ ಬರಂಗಿಲ್ಲ,” ಎಂದಳು. “ಎರಡ್ರಾಗ ಯಾವುದಾದ್ರೂ, ಅವನಿಗೆ ದಾರಿ ತೋರ್ಸಿದವ್ರು ನಾವ.”

“ತಪ್ಪು ನಂದು ಅಪ್ಪಾ,” ಎಂದಳು ಗಾಯತ್ರಿ.

“ಇಲ್ಲವ್ವ, ನಂದು,” ಎಂದ ಓಬಳಪ್ಪ. ಅವನು ಹಾಗೆ ಅಂದದ್ದನ್ನು ಯಮನಮ್ಮ ಮದುವೆಯಾದ ಮೇಲೆ ಮೊದಲ ಸಲ ಕೇಳಿದಳು. ಆಗ ಅವಳಿಗೂ ಧೈರ್ಯ ಬಂತು. ಅಪ್ಪನ ಬಂಡಿಯ ಕೀಲಿನ ಕಥೆ ಹೇಳಿದಳು.

ಹೇಮಾ ಕುಣಿದೇಬಿಟ್ಟಳು. “ಅತ್ತಿ! ಇದನ್ನ ನಾನು ಹೇಳಾಕತ್ತಿದ್ದು. ನಿಮ್ಮಪ್ಪಾರಿಗೆ ಅವಾಗಲೇ ಗೊತ್ತಿತ್ತು ನೋಡ್ರಿ!”

ಮರುದಿನ ಮೂವರೂ ಹೊಸಪೇಟೆಗೆ ಹೋದರು. ಗಾಯತ್ರಿ ವಿಡಿಯೋ ಅಳಿಸಿ, ಪ್ರವಾಸ ಮುಗಿದ ಮೇಲಷ್ಟೇ ಫೋಟೋ ಹಾಕುವುದೆಂದು ನಿರ್ಧರಿಸಿದಳು. ಸ್ಟೇರಿಂಗಿಗೂ ಗಾಲಿಗೂ ದೂರದಿಂದಲೇ ಎದ್ದು ಕಾಣುವ ಹಳದಿ ಬೀಗಗಳು ಬಂದವು. ಮೆಕ್ಯಾನಿಕ್ಕು, ಮನೆಯವರಿಗಷ್ಟೇ ಗೊತ್ತಿರುವ ಜಾಗದಲ್ಲಿ ಒಂದು ಗುಪ್ತ ಸ್ವಿಚ್ಚು ಕೂರಿಸಿದ. ಅದನ್ನು ಆರಿಸಿದರೆ ಚಾವಿ ಇದ್ದರೂ ಎಂಜಿನ್ ಏಳದು. ಗಾಡಿ ಅಲುಗಿದರೆ ಮೊಬೈಲಿಗೆ ತಿಳಿಸುವ ಜಿಪಿಎಸ್ ಯಂತ್ರವೂ ಒಳಗೆಲ್ಲೋ ಸೇರಿಕೊಂಡಿತು. ಕಿಟಕಿ ಗಾಜುಗಳ ಮೇಲೆ ಗಾಡಿಯ ನಂಬರು ಕೆತ್ತಿಸಿದರು. ಕಾಗದಪತ್ರ, ಸಿಲಿಂಡರ್ ಮನೆಯೊಳಗೆ ಬಂದವು. “ಗಾಡಿ ಕಳುವಾದ್ರ ವಿಮೆಯವರು ಎರಡೂ ಚಾವಿ ಕೇಳ್ತಾರ ಮಾವ, ಎರಡನ್ನೂ ಜ್ವಾಕಿ ಮಾಡ್ರಿ,” ಎಂದು ಹೇಮಾ ಹೇಳಿದ್ದು ಓಬಳಪ್ಪನಿಗೆ ನೆನಪಿತ್ತು. ಒಂದು ಚಾವಿ ಬೀರುವಿಗೆ ಹೋಯಿತು, ಇನ್ನೊಂದು ಅಡುಗೆಮನೆಯ ಗೂಡಿಗೆ.

ಸಂಜೆ ಗಾಡಿ ಮನೆಗೆ ಬಂದಾಗ ಓಬಳಪ್ಪ ಇಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಎದುರಿನ ಅಂಗಡಿಯ ಕಡೆ ಕೂಗಿದ.

“ಮೂಕಣ್ಣಾ! ಮೂತಿ ಗ್ವಾಡಿ ಕಡಿ ಹೆಂಗ ನಿಲ್ಲಿಸ್ಲಿ? ಬಾ, ತೋರ್ಸು.”

ಮೂಕಣ್ಣ ಬಂದ. “ಬರ್ಲಿ... ಬರ್ಲಿ... ಎಡಕ್ಕ... ಸಾಕು!” ಗಾಡಿಯ ಮೂತಿ ಗೋಡೆಗೆ ಒಂದು ಗೇಣು ಬಿಟ್ಟು ನಿಂತಿತು. ಓಬಳಪ್ಪ ಮುಂದಿನ ಗಾಲಿಗಳನ್ನು ಒಂದು ಮಗ್ಗುಲಿಗೆ ತಿರುಗಿಸಿ ಬೀಗ ಹಾಕಿದ. ಹಿಂದೆ ತನ್ನ ಮೋಟರ್‌ಸೈಕಲ್ ಅಡ್ಡ ನಿಲ್ಲಿಸಿದ. ಮೂಕಣ್ಣ ತನ್ನ ಅಂಗಡಿಯ ದೀಪವನ್ನು ಸ್ವಲ್ಪ ತಿರುಗಿಸಿ, ಬೆಳಕು ಗಾಡಿಯ ಮೇಲೆ ಬೀಳುವಂತೆ ಮಾಡಿದ. ಹಾಗೆ ಮಾಡೆಂದು ಯಾರೂ ಅವನನ್ನು ಕೇಳಿರಲಿಲ್ಲ.

ಓದುವ, ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಮುಂದೆಯೂ ಗಾಡಿ ನಿಂತಿರಬಹುದು. ಮನೆಗಾಡಿಯೇ ಆಗಬೇಕಿಲ್ಲ, ಆಟೋ, ಟ್ರ್ಯಾಕ್ಟರ್, ಟೆಂಪೋ ಏನಾದರೂ ಸರಿ. ಈ ಕಥೆಯ ಹಾಳೆಯನ್ನು ಮಡಿಚಿಡುವ ಮೊದಲು ಒಮ್ಮೆ ಎದ್ದು ಹೋಗಿ ನೋಡಿ. ಚಾವಿ ಎಲ್ಲಿದೆ? ಬೀಗ ಬಿದ್ದಿದೆಯೇ? ಮೂತಿ ಯಾವ ಕಡೆಗಿದೆ? ಕಳ್ಳನಿಗೆ ಕತ್ತಲೆಯೇ ಬೇಕೆಂದಿಲ್ಲ. ನಿಮ್ಮ ಮಧ್ಯಾಹ್ನದ ನಿದ್ದೆಯೂ ಸಾಕು. ಅನುಮಾನ ಬಂದರೆ ಒಬ್ಬರೇ ಅಡ್ಡ ಹೋಗಬೇಡಿ, ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ. ಮತ್ತೆ, ಎದುರು ಮನೆಯವರೊಂದಿಗೆ ಮಾತು ಬಿಟ್ಟಿದ್ದರೆ ಇವತ್ತೇ ಆಡಿ. ಅವರ ಕಣ್ಣು ನಿಮ್ಮ ಅಂಗಳವನ್ನೂ ಕಾಯುತ್ತದೆ.

ಭಾನುವಾರ ಬೆಳಿಗ್ಗೆ ಹೊರಡುವ ಗಡಿಬಿಡಿ. ಗಾಯತ್ರಿ ಹಾಡು ಗುನುಗುತ್ತಾ ಹಾಸಿಗೆ ಹಾಸುತ್ತಿದ್ದಳು. ಓಬಳಪ್ಪ ಗಾಲಿಯ ಬೀಗ ಬಿಚ್ಚುತ್ತಿದ್ದ. ಯಮನಮ್ಮ ಮನೆಗಾಡಿಯ ಒಲೆಯ ಮೇಲೆ ಮೊದಲ ಅಡುಗೆ ಮಾಡಿದಳು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಒಂದು ಬುತ್ತಿ ಕಟ್ಟಿ, ಗಾಡಿಯಿಂದ ಇಳಿದು, ಬೀದಿ ದಾಟಿದಳು. ಮೂಕಣ್ಣ ಆಗಲೇ ಅಂಗಡಿ ತೆರೆದು ಒಂದು ಟೈರು ಬಿಚ್ಚುತ್ತಿದ್ದ. ಕೈಗೆ ಮಸಿಯಾಗಿದೆ ಎಂದು ತೋರಿಸಿದ. ಯಮನಮ್ಮ ಸೆರಗಿನಿಂದ ಸ್ಟೂಲನ್ನು ಒರೆಸಿ, ಬುತ್ತಿಯನ್ನು ಅದರ ಮೇಲೆ ಇಟ್ಟು, ಅವನ ಕಡೆಗೆ ಮೆಲ್ಲಗೆ ಸರಿಸಿದಳು.