ಅಂಚಿನಿಂದ ಒಂದು ಗೇಣು

ಉಡುಪಿ ಕಡೆಯ ಶ್ರೀಜಾ ಕೆನಡಾದ ಮಿಸಿಸಾಗದಲ್ಲಿ ದೀಪದ ಕಂಪನಿಯೊಂದರಲ್ಲಿ ಲೆನ್ಸ್ ಡಿಸೈನ್ ಮಾಡುತ್ತಿದ್ದಳು. ಹತ್ತಿರದ ಬೋಲ್ಟನ್ನಿನ ಗೋದಾಮೊಂದರ ಪ್ಯಾಕಿಂಗ್ ಮೇಜುಗಳಿಗೆ ಅವಳು ರೂಪಿಸಿದ ಲೆನ್ಸು ಹೆಬ್ಬೆರಳ ತುದಿಯಷ್ಟು ಚಿಕ್ಕದು. ಎಲ್‌ಇಡಿಯ ಬೆಳಕನ್ನು ಅದು ಮೇಜಿನ ಆಕಾರಕ್ಕೆ ಸರಿಯಾಗಿ, ಎಲ್ಲ ಕಡೆ ಒಂದೇ ಸಮ ಹರಡಬೇಕಿತ್ತು. ಇನ್ನೂ ತೆಳ್ಳಗಿರಲಿ ಎಂದು ಗೋದಾಮಿನವರು ಹಟ ಹಿಡಿದರು. ತೆಳ್ಳಗಾದಾಗ ಮೂಲೆಗಳು ಮಬ್ಬಾದವು. ಹೊಸ ಅಚ್ಚು ಮಾಡಿಸಲು ಸಮಯವಿರಲಿಲ್ಲ. ಪರೀಕ್ಷೆಯಲ್ಲಿ ಬೆಳಕು ಅಳೆಯುವ ಬಿಂದುಗಳನ್ನು ಶ್ರೀಜಾ ಮೇಜಿನ ಅಂಚಿನಿಂದ ಒಂದು ಗೇಣು ಒಳಗೆ ಸರಿಸಿದಳು. ಮಬ್ಬಾದ ಮೂಲೆಗಳು ಲೆಕ್ಕಕ್ಕೇ ಬರಲಿಲ್ಲ, ವರದಿ ಪಾಸಾಯಿತು.

ಎಂಟು ತಿಂಗಳ ಮೇಲೆ ಬೇರೊಂದು ಕೆಲಸಕ್ಕೆ ಆ ಗೋದಾಮಿಗೆ ಹೋದಳು. ಮೇಜಿನ ಮೂಲೆಯಲ್ಲಿ, ಅರವತ್ತರ ಆಸುಪಾಸಿನ ಒಬ್ಬರು ಪಾರ್ಸಲ್ಲಿನ ಲೇಬಲ್ಲನ್ನು ಮೂಗಿನ ಹತ್ತಿರ ಹಿಡಿದು ಕನ್ನಡದಲ್ಲಿ ಅಂಕಿ ಗೊಣಗುತ್ತಿದ್ದರು.

ಮಾತಾಡಿಸಿದಾಗ ಅವರ ಮುಖ ಅರಳಿತು. ಹೆಸರು ದಾನಪ್ಪ, ಊರು ಧಾರವಾಡ.

"ಓದ್ಲಿಕ್ಕೆ ಕಷ್ಟ ಆಗ್ತದಾ ಅಂಕಲ್?"

"ಕಣ್ಣು ಹೋಗ್ಯಾವ್ರಿ. ಎರಡು ಸಲ ಚಾಳೀಸು ಬದಲಿಸೀನಿ. ಮೂರು ಪಾರ್ಸಲ್ ತಪ್ಪು ಊರಿಗೆ ಹೋದ್ವು. ಸೂಪರ್‌ವೈಸರ್ ಎಲ್ಲಾರ ಮುಂದ ಬೈದ." ಅವರು ದನಿ ತಗ್ಗಿಸಿದರು. "ಸೋಮವಾರದಿಂದ ಟ್ರಕ್ ಲೋಡಿಂಗಿಗೆ ಹಾಕ್ರಿ ಅಂತ ನಾನ ಕೇಳೀನಿ. ಮನ್ಯಾಗ ಹೇಳಿಲ್ಲ."

ಶ್ರೀಜಾ ತಲೆಯೆತ್ತಿ ಮೇಜಿನ ಮೇಲಿದ್ದ ತನ್ನದೇ ದೀಪವನ್ನು ನೋಡಿದಳು. ಸುಮ್ಮನೆ ಹೊರಟುಬಿಡಬಹುದಿತ್ತು. ಎರಡು ಹೆಜ್ಜೆ ಹೋಗಿಯೂ ಬಿಟ್ಟಳು. ಮತ್ತೆ ತಿರುಗಿ ಬಂದಳು.

"ನಿಮ್ಮ ಕಣ್ಣು ಸರಿ ಉಂಟು ಅಂಕಲ್. ಈ ಲೈಟು ನಾನೇ ಮಾಡಿದ್ದು. ಮೂಲೆಗೆ ಬೆಳಕು ಸಾಕಾಗುದಿಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು."

"ಗೊತ್ತಿತ್ತಾ?"

"ಹೌದು."

ದಾನಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಆವತ್ತು ಎಲ್ಲಾರ ಮುಂದ ನಾನು ಸಾರಿ ಕೇಳಿದ್ದೆ" ಎಂದಷ್ಟೇ ಹೇಳಿ ಮುಂದಿನ ಪೆಟ್ಟಿಗೆ ಎಳೆದುಕೊಂಡರು. ಅವರು ಬೈದಿದ್ದರೆ ಶ್ರೀಜಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ನೇರ ಸೂಪರ್‌ವೈಸರನ ಕ್ಯಾಬಿನ್ನಿಗೆ ಹೋಗಿ ದಾನಪ್ಪನವರನ್ನೂ ಕರೆಸಿ, ಅವರ ಎದುರೇ ತನ್ನ ತಪ್ಪು ಹೇಳಿದಳು. ಸಂಜೆ ತನ್ನ ಕಂಪನಿಗೂ ನಿಜವಾದ ಅಳತೆ ಬರೆದು ಕಳಿಸಿದಳು. ಆ ಕೆಲಸದಿಂದ ಅವಳನ್ನು ತೆಗೆದರು. ಬೇರೊಬ್ಬರು ಸ್ವಲ್ಪ ದಪ್ಪನೆಯ ಲೆನ್ಸು ಮಾಡಿದರು. ದಾನಪ್ಪ ತಮ್ಮ ಮೇಜಿನಲ್ಲೇ ಉಳಿದರು.

ಬೇಸಿಗೆಯಲ್ಲಿ ಪೋರ್ಟ್ ಕ್ರೆಡಿಟ್‌ನ ಸರೋವರದ ದಂಡೆಯಲ್ಲಿ ದಾನಪ್ಪ ಹೆಂಡತಿ ಗಿರಿಜವ್ವನವರೊಂದಿಗೆ ಎದುರಾದರು. "ಗೋದಾಮಿನ ಲೈಟ್ ಮಾಡಿದ ಇಂಜಿನಿಯರ್ ಇವರ" ಎಂದು ಪರಿಚಯಿಸಿದರು. ಹಳೆಯ ತಪ್ಪಿನ ಮಾತು ಎತ್ತಲಿಲ್ಲ.

ಗಿರಿಜವ್ವ ಅವಳ ಎರಡೂ ಕೈ ಹಿಡಿದುಕೊಂಡರು. "ಹೊಸ ಲೈಟ್ ಬಂದಮ್ಯಾಗ ಇವರಿಗೆ ಭಾಳ ಆರಾಮಾತು ನೋಡವ್ವ."

ಶ್ರೀಜಾ ತಲೆ ತಗ್ಗಿಸಿದಳು. "ಹೊಸದು ನಂದಲ್ಲ ಆಂಟಿ. ಹಳೇದು ನಂದು."

ಗಿರಿಜವ್ವ ಅರ್ಥವಾಗದೆ ಗಂಡನ ಕಡೆ ನೋಡಿದರು. ದಾನಪ್ಪ "ನಡಿ, ಗಾಳಿ ಭಾಳ ಐತಿ" ಎಂದು ಮುಂದೆ ನಡೆದರು.